ತವರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಳ್ಳಬಹುದಾ?

ನಿಮಗೆ ಈಗ ಏಳನೇ ತಿಂಗಳು. ಕುಬಸ ಮುಗಿಸಿಕೊಂಡು ಬಾಗಲಕೋಟೆ ಜಿಲ್ಲೆಯ ತವರಿಗೆ ಬರುತ್ತಿದ್ದೀರಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಳ್ಳಬಹುದಾ, ಬೈತಾರಂತೆ, ದುಡ್ಡು ಕೇಳ್ತಾರಂತೆ, ನಿಜಾನಾ ಅಂತ ಕೇಳಿದ್ದೀರಿ. ನಾನೂ ಅದೇ ಜಿಲ್ಲೆಯವಳು. ನನ್ನ ಎರಡೂ ಮಕ್ಕಳು ಸರ್ಕಾರಿ ಆಸ್ಪತ್ರೆಯಲ್ಲೇ ಹುಟ್ಟಿದವು. ಮಗಳು 2018ರಲ್ಲಿ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ, ಮಗ 2022ರಲ್ಲಿ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಆಪರೇಷನ್ ಆಗಿ. ಆಸ್ಪತ್ರೆಗಳ ಹೆಸರು ಬರೆಯೋದಿಲ್ಲ. ನನ್ನನ್ನು ಬೈದವರೇ ನನ್ನ ಜೀವವನ್ನೂ ಉಳಿಸಿದ್ದಾರೆ.

ಮಾಡಿಸಿಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಹೆರಿಗೆ ಕೋಣೆಗೆ ಒಬ್ಬರೇ ಹೋಗಬೇಡಿ. ಯಾಕೆ ಅಂತ ತಿಳಿಯಬೇಕಾದರೆ ಎರಡೂ ಹೆರಿಗೆಯ ಕತೆ ಹೇಳಬೇಕು, ಸ್ವಲ್ಪ ಉದ್ದ ಆಗುತ್ತೆ.

ಮಗಳ ಸಲ ಬ್ಯಾನಿ ಶುರುವಾಗಿದ್ದು ರಾತ್ರಿ ಎರಡಕ್ಕೆ. ಊರಿನ ಆಶಾ ಕಾರ್ಯಕರ್ತೆ 108ಕ್ಕೆ ಫೋನ್ ಮಾಡಿದಳು, ಗಾಡಿ ಬಂತು. ಆಸ್ಪತ್ರೆಯಲ್ಲಿ ಲೇಬರ್ ರೂಮಿನ ಬಾಗಿಲಲ್ಲೇ ಅವ್ವನನ್ನು ನಿಲ್ಲಿಸಿದರು. "ಒಳಗ ಯಾರೂ ಬರಂಗಿಲ್ರಿ, ಹೊರಗ ಕುಂದರ್ರಿ." ಒಳಗೆ ಮೂರು ಟೇಬಲ್, ಕರಿ ರೆಕ್ಸಿನ್ ಹೊದಿಸಿದ್ದು, ನಡುವೆ ಪರದೆ ಇಲ್ಲ. ಒಂದರ ಮೇಲೆ ನನ್ನಷ್ಟೇ ವಯಸ್ಸಿನ ಹುಡುಗಿ, ಮೈಮೇಲೆ ಸೀರೆ ನೆಟ್ಟಗಿರಲಿಲ್ಲ. ನಾನು ಮುಖ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತಿಗೆ ನನ್ನದೂ ಅದೇ ಗತಿಯಾಯಿತು. ಆಗ ಅವಳು ಮುಖ ತಿರುಗಿಸಿಕೊಂಡಳು.

ಬೆಳಗಿನ ಜಾವ ತಡೆಯೋಕಾಗದೆ "ಯವ್ವಾ" ಅಂತ ಚೀರಿದೆ. ಸಿಸ್ಟರ್ ಏನೋ ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. "ಗಂಡನ ಹಂತ್ಯಾಕ ಹೋಗೂ ಮುಂದ ಹಿಂಗ ಚೀರಿದ್ದೇನ?" ಅಂದಳು. ಆಯಾ ನಕ್ಕಳು. ನಮ್ಮ ಓಣಿಯ ಎಷ್ಟೋ ಹೆಂಗಸರು ಈ ಮಾತು ಕೇಳಿಸಿಕೊಂಡು ಬಂದಿದ್ದಾರೆ, ಶಬ್ದ ಸ್ವಲ್ಪ ಹಿಂದೆ ಮುಂದೆ ಅಷ್ಟೇ. ಕೂತು ಮಾತಾಡುವಾಗ ನಗುತ್ತಾ ಹೇಳಿಕೊಳ್ಳುತ್ತಾರೆ. ನನಗೆ ಇವತ್ತಿಗೂ ನಗು ಬರೋದಿಲ್ಲ. ಹೊಲಿಗೆಯ ನೋವು ಮರೆತೇ ಹೋಗಿದೆ, ಅವಳ ದನಿ ಹೋಗಿಲ್ಲ.

ಆರು ಗಂಟೆಗೆ ಮಗಳು ಹುಟ್ಟಿದಳು. ಕೂಸನ್ನು ನನ್ನ ಎದೆ ಮೇಲೆ ಮಲಗಿಸಿದರು. ನಿಮಿಷದೊಳಗೆ ನನ್ನ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು. ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲಿ ಅಂತ ಎಲ್ಲರಿಗೂ ಕೊಡುವ ಆಕ್ಸಿಟೋಸಿನ್ ಅದು. ನನಗೆ ರಕ್ತ ನಿಲ್ಲಲಿಲ್ಲ. ನನಗೇ ಗೊತ್ತಾಗುತ್ತಿತ್ತು, ಕೆಳಗೆ ಬಿಸಿಯಾಗಿ ಹರಿಯುತ್ತಿತ್ತು, ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಅದೇ ಸಿಸ್ಟರ್ ನನ್ನ ಹೊಟ್ಟೆ ಮೇಲೆ ಕೈ ಇಟ್ಟು ತಿಕ್ಕೋಕೆ ಶುರು ಮಾಡಿದಳು. ಇನ್ನೊಬ್ಬಳಿಗೆ ಸಲೈನ್ ಹಾಕು, ಡಾಕ್ಟರ್‌ನ ಎಬ್ಬಿಸು ಅಂತ ಕೂಗಿದಳು. ಎಷ್ಟು ಹೊತ್ತೋ ಏನೋ, ಕೈ ತೆಗೆಯಲಿಲ್ಲ. ಅವಳ ಹಣೆಯ ಬೆವರು ನನ್ನ ಮೊಣಕೈ ಮೇಲೆ ಬಿತ್ತು. "ನನ್ನ ಕಡೆ ನೋಡವ್ವಾ, ಕಣ್ಣ ಮುಚ್ಚಬ್ಯಾಡ, ನಿನ್ನ ಮಗಳ ಹೆಸರ ಏನಿಡ್ತಿ ಹೇಳ" ಅಂತಿದ್ದಳು. ಹೆಸರು ಇನ್ನೂ ಯೋಚನೆ ಮಾಡಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಈಗ ಅದೇ ಅವಳ ಹೆಸರು.

ನಮ್ಮ ಅಜ್ಜಿ ಮನೆಯಲ್ಲೇ ಹಡೆದು ರಕ್ತ ನಿಲ್ಲದೆ ಹೋದ ತನ್ನ ಓರಗೆಯವರನ್ನು ಬೆರಳು ಮಡಚಿ ಎಣಿಸುತ್ತಿದ್ದಳು. ಸೂಲಗಿತ್ತಿ ಎಷ್ಟೇ ಕೈಗುಣದವಳಾದರೂ ಅವಳ ಹತ್ತಿರ ಆ ಇಂಜೆಕ್ಷನ್ ಇರಲಿಲ್ಲ. ಹಾಗಾಗಿ ಆ ಸಿಸ್ಟರ್‌ನ ನಾನು ಪೂರ್ತಿ ದ್ವೇಷಿಸೋಕೂ ಆಗಿಲ್ಲ, ಪೂರ್ತಿ ಕ್ಷಮಿಸೋಕೂ ಆಗಿಲ್ಲ.

ಇನ್ನು ಮಗನ ಕತೆ. ಕಾಲು ಬಾತಿದ್ದವು, ಬಸುರಿಗೆ ಕಾಲು ಬಾಯೋದು ಇದ್ದದ್ದೇ ಅಂತ ಬಿಟ್ಟಿದ್ದೆವು. ತುಂಬು ದಿನದಲ್ಲಿ ಸಣ್ಣಗೆ ನೋವು ಬಂತು, ಅದೇ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಈ ಸಲ ಲೇಬರ್ ರೂಮಿನಲ್ಲಿ ಪರದೆ ಇತ್ತು. ನಮ್ಮ ಅಕ್ಕ "ನಾನು ಒಳಗ ನಿಂದರ್ತೀನ್ರಿ, ನಂದೂ ಎರಡ ಹೆರಿಗಿ ಆಗ್ಯಾವ" ಅಂತ ಸಮಾಧಾನವಾಗಿ ಕೇಳಿದಳು, ಬಿಟ್ಟರು. ಇದು ಅವರ ಉಪಕಾರ ಅಲ್ಲ. ಹೆರಿಗೆ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಜೊತೆಗಿರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಸೂಚನೆ ಕೊಟ್ಟಿದೆ. ಅವಳಿಗೆ ಹೆರಿಗೆಯ ಅನುಭವ ಇರಬೇಕು, ಅಂಟುರೋಗ ಇರಬಾರದು, ಬಟ್ಟೆ ಸ್ವಚ್ಛ ಇರಬೇಕು, ಡಾಕ್ಟರ್ ಕೆಲಸಕ್ಕೆ ಅಡ್ಡ ಬರಬಾರದು, ಅಷ್ಟೇ. 2017ರ ಕೊನೆಯಲ್ಲಿ ಶುರುವಾದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಗಳಿಗೆ ಅಂಕ ಕೊಡುವಾಗ ಪರದೆ, ಜೊತೆಗಾರ್ತಿ, ಬಾಣಂತಿ ಜೊತೆ ಮಾತಾಡುವ ರೀತಿ ಎಲ್ಲಾ ನೋಡುತ್ತಾರೆ. ಆದರೆ ಕೇಳದಿದ್ದರೆ ತಾವಾಗಿ ಯಾರೂ ಒಳಗೆ ಕರೆಯೋದಿಲ್ಲ. ಕೇಳಲೇಬೇಕು. ಜಗಳ ತೆಗೆದು ಕೇಳಿದರೆ ಕೆಲಸ ಕೆಡುತ್ತೆ, ಅದೂ ಗೊತ್ತಿರಲಿ.

ಆ ರಾತ್ರಿ ನಾಲ್ಕು ಹೆರಿಗೆ ಒಟ್ಟಿಗೆ ಇದ್ದವು, ಸಿಸ್ಟರ್ ಇಬ್ಬರೇ. ತಲೆ ಸಿಡಿಯುತ್ತಿದೆ ಅಂತ ನಾನು ಎರಡು ಸಲ ಹೇಳಿದೆ, ಯಾರ ಕಿವಿಗೂ ಬೀಳಲಿಲ್ಲ. ಗೋಡೆಯ ಟ್ಯೂಬ್‌ಲೈಟು ಎರಡೆರಡಾಗಿ ಕಾಣೋಕೆ ಶುರುವಾಯಿತು. ಅದನ್ನು ಅಕ್ಕನಿಗೆ ಹೇಳಿದೆ. ಅಕ್ಕ ಹೋಗಿ ಸಿಸ್ಟರ್‌ನ ತೋಳು ಹಿಡಿದೇ ಕರೆದುಕೊಂಡು ಬಂದಳು. "ಅಕ್ಕಾರ, ಇಕಿಗೆ ಕಣ್ಣ ಮಂಜ ಆಗಾಕ ಹತ್ಯಾವಂತ, ಒಮ್ಮೆ ಬಿಪಿ ನೋಡ್ರಿ." ನೋಡಿದರೆ 170ಕ್ಕೆ 110. 140ಕ್ಕೆ 90 ದಾಟಿದರೇ ಬಸುರಿಗೆ ಬಿಪಿ ಜಾಸ್ತಿ ಅಂತ ಲೆಕ್ಕ. ಆಮೇಲೆ ಎಲ್ಲಾ ಓಡಾಟ. ಫಿಟ್ಸ್ ಬರದಿರಲಿ ಅಂತ ಎರಡೂ ಕುಂಡಿಗೆ ಒಂದೊಂದು ಇಂಜೆಕ್ಷನ್ ಚುಚ್ಚಿದರು, ಮೆಗ್ನೀಷಿಯಂ ಸಲ್ಫೇಟ್ ಅಂತ. ಮೆಣಸಿನಕಾಯಿ ಅರೆದು ತುಂಬಿದ ಹಾಗಿತ್ತು, ಹೆರಿಗೆ ನೋವೇ ವಾಸಿ ಅನಿಸಿತು. ಇಲ್ಲಿ ರಾತ್ರಿ ಅರಿವಳಿಕೆ ಡಾಕ್ಟರ್ ಇರೋದಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಬೇಕು ಅಂದರು. ಮತ್ತೆ 108. ಅಲ್ಲಿ ಬೆಳಗ್ಗೆ ಆಪರೇಷನ್ ಆಯಿತು. ಮಗ ಎರಡೂವರೆ ಕೆಜಿ ಇದ್ದ.

ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದರೆ ಈ ಉತ್ತರ ಬರೆಯೋಕೆ ನಾನು ಇರುತ್ತಿದ್ದೆನೋ ಇಲ್ಲವೋ. ತಲೆನೋವು, ಕಣ್ಣು ಮಂಜು, ಮುಖ ಕೈ ಬಾವು, ಎದೆಗುಂಡಿಯ ಕೆಳಗೆ ನೋವು, ಇದರಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ.

ದೊಡ್ಡ ಆಸ್ಪತ್ರೆಯ ವಾರ್ಡಿನ ಬಗ್ಗೆ ಸುಳ್ಳು ಹೇಳೋದಿಲ್ಲ. ಮೊದಲ ಎರಡು ದಿನ ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು, ಅವಳ ತಲೆ ಇದ್ದ ಕಡೆ ನನ್ನ ಕಾಲು. ಬೆಳಗ್ಗೆ ಏಳರ ಮೇಲೆ ಪಾಯಿಖಾನೆಯಲ್ಲಿ ನೀರು ಇರುತ್ತಿರಲಿಲ್ಲ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಬಕೆಟ್ ಕಾಯುತ್ತಾ ನಿಲ್ಲೋದು ಶತ್ರುವಿಗೂ ಬೇಡ. ಬಕೆಟ್ಟು, ಚೊಂಬು, ಹಳೇ ಮೆತ್ತಗಿನ ಕಾಟನ್ ಸೀರೆ ನಾಲ್ಕು, ಫ್ಲಾಸ್ಕು, ಜೊತೆಯವರಿಗೆ ಒಂದು ಚಾಪೆ ಮನೆಯಿಂದಲೇ ಒಯ್ಯಿರಿ. ಊಟ ಆಸ್ಪತ್ರೆಯದೇ ಕೊಡುತ್ತಾರೆ, ಹಾಲು, ಬ್ರೆಡ್ಡು, ಮೊಟ್ಟೆ, ಅನ್ನ ಸಾರು. ಅವ್ವನಿಗೆ ಆ ಅನ್ನ ಕಂಡರೆ ಆಗುತ್ತಿರಲಿಲ್ಲ. ಹಸಿ ಬಾಣಂತಿಗೆ ಸಜ್ಜಕ, ಅಳವಿ ಪಾಯಸ ಬಿಟ್ಟು ಬೇರೆ ಕೊಡಬಾರದು ಅಂತ ಅವಳ ವಾದ. ನೀರನ್ನೂ ಗುಟುಕು ಗುಟುಕು ಅಳೆದು ಕೊಡುತ್ತಿದ್ದಳು. ಸಿಸ್ಟರ್ ಬಂದು ಬೈದದ್ದು ಅವ್ವನಿಗೆ, "ನೀರ ಕುಡಿಲಿಲ್ಲಂದ್ರ ಹಾಲ ಎಲ್ಲಿಂದ ಬರ್ತಾವಬೇ?" ಆ ಬೈಗುಳ ಮಾತ್ರ ನನಗೆ ಭಾಳ ಇಷ್ಟವಾಯಿತು.

ಐದನೇ ರಾತ್ರಿ ಶೆಟಗೆವ್ವ ಬಂದು ಹಣೆಬರಹ ಬರೆಯುತ್ತಾಳೆ ಅಲ್ವಾ. ಮನೆಯಲ್ಲಾದರೆ ಪೂಜೆ ಮಾಡಿ ಹಾಳೆ, ಲೆಕ್ಕಣಿಕೆ ಇಡುತ್ತಾರೆ. ಆಪರೇಷನ್ ಆದವರು ಐದನೇ ದಿನಕ್ಕೆ ಇನ್ನೂ ಆಸ್ಪತ್ರೆಯಲ್ಲೇ ಇರುತ್ತಾರೆ. ಪಕ್ಕದ ಮಂಚದವಳ ತಾಯಿ ಔಷಧಿ ಇಡುವ ಡಬ್ಬಿ ಮೇಲೆ ಅರಿಶಿನ ಕುಂಕುಮ ಹಚ್ಚಿ, ಕೇಸ್ ಶೀಟಿನ ಪೆನ್ನನ್ನೇ ಇಸಿದುಕೊಂಡು ಇಟ್ಟರು. ಪೆನ್ನು ಕೊಟ್ಟಿದ್ದು ರಾತ್ರಿ ಪಾಳಿಯ ಸಿಸ್ಟರ್. "ನಸಿಕಿನ್ಯಾಗ ವಾಪಸ್ ಕೊಡ್ರಿ, ನಂಗ ಬಿಪಿ ಬರೀಬೇಕು" ಅಂದಳು.

ದುಡ್ಡಿನ ವಿಷಯ. ಕಾಗದದ ಪ್ರಕಾರ ಒಂದು ರೂಪಾಯಿ ಕೊಡಬೇಕಾಗಿಲ್ಲ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲಾ ಉಚಿತ. ಊಟ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ಮನೆಗೆ ಬಿಡೋಕೆ ನಗು-ಮಗು ಗಾಡಿ ಇದೆ, ಕೇಳಿ. ನಮ್ಮನ್ನು ಅದೇ ಬಾಗಿಲ ತನಕ ತಂದು ಬಿಟ್ಟಿತು. ಔಷಧಿಗೆ ನಮ್ಮಿಂದ ಏನೂ ತಗೊಳ್ಳಲಿಲ್ಲ, ಅದು ನಿಜ. ಮಗ ಹುಟ್ಟಿದ ವರ್ಷವೇ ನಮ್ಮ ನಾದಿನಿಗೆ ಖಾಸಗಿಯಲ್ಲಿ ಸಿಸೇರಿಯನ್‌ಗೆ 65 ಸಾವಿರ ಆಯಿತು.

ಕಾಗದದಲ್ಲಿ ಇಲ್ಲದ್ದು 'ಖುಷಿ'. ಕೂಸನ್ನು ಹೊರಗೆ ತಂದು ತೋರಿಸುವ ಆಯಾ, ಸ್ಟ್ರೆಚರ್ ತಳ್ಳುವವನು, ಬಟ್ಟೆ ಬದಲಿಸುವವಳು, ಎಲ್ಲರಿಗೂ ಖುಷಿ ಬೇಕು. ಅದಕ್ಕೆ ರೇಟೂ ಇದೆ. ಮಗಳು ಹುಟ್ಟಿದಾಗ "ಹೆಣ್ಣಾಗೇತಿ, ಮುನ್ನೂರ ಕೊಡ್ರಿ ಸಾಕು" ಅಂದಿದ್ದಳಂತೆ. ಗಂಡಾಗಿದ್ದರೆ ಐನೂರು. ಎರಡನೇ ಸಲ ನಾನು ಹಟ ಹಿಡಿದೆ, ಯಾರಿಗೂ ಪೈಸೆ ಕೊಡಬೇಡ, ಕೇಳಿದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ದೂರು ಕೊಡೋಣ ಅಂತ ಅವ್ವನ ಕೈಲಿ ಆಣೆ ಮಾಡಿಸಿದೆ. ಅವ್ವ ಹೂಂ ಅಂದಳು. ಎಷ್ಟೋ ತಿಂಗಳಾದ ಮೇಲೆ ಗೊತ್ತಾಯಿತು, ಎಲೆ ಅಡಿಕೆ ಸಂಚಿಯಲ್ಲಿ ಮಡಚಿಟ್ಟ ನೋಟು ತೆಗೆದು ಕೊಟ್ಟೇಬಿಟ್ಟಿದ್ದಳು. ನಾನು ಸಿಟ್ಟು ಮಾಡಿದೆ. ಅವಳು ಅಂದಳು, "ನೀ ಒಳಗ ಇದ್ದಿ, ನಿನ್ನ ಅವರ ಕೈಯಾಗ ಕೊಟ್ಟಿದ್ದೆ. ಮತ್ತ ಕೇಳ, ಹೆಣ್ಣಿಗೂ ಐನೂರ ಕೊಟ್ಟೀನಿ. ನನ್ನ ಮೊಮ್ಮಗಳೇನ ಕಡಿಮಿ ಆದಾಳ?" ಇದಕ್ಕೆ ನಾನು ಏನು ಹೇಳಲಿ. ನೀವು ಕೊಡಬೇಡಿ ಅಂತ ಹೇಳಬಹುದು, 104 ಇದೆ ಅಂತಲೂ ಹೇಳಬಹುದು. ನಿಮ್ಮ ಅವ್ವ ಏನು ಮಾಡುತ್ತಾರೆ ಅಂತ ನನಗೆ ಗೊತ್ತಿದೆ.

ಬರಬೇಕಾದ ದುಡ್ಡೂ ಇದೆ. ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್ ಇದ್ದ ಹಳ್ಳಿಯವರಿಗೆ 700, ಪಟ್ಟಣದವರಿಗೆ 600. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000, ಈಗ ಎರಡು ಕಂತಿನಲ್ಲಿ. ಎರಡನೆಯದು ಹೆಣ್ಣಾದರೆ 6,000. ನನ್ನ 700 ಮೊದಲ ಸಲ ಬರಲೇ ಇಲ್ಲ. ಆಧಾರ್‌ನಲ್ಲಿ ಅಪ್ಪನ ಹೆಸರು, ತಾಯಿ ಕಾರ್ಡಿನಲ್ಲಿ ಗಂಡನ ಹೆಸರು, ಪಾಸ್‌ಬುಕ್ ಗಂಡನದು. ತವರಿಗೆ ಹೊರಡುವ ಮುಂಚೆ ಈ ಹೆಸರುಗಳನ್ನೆಲ್ಲಾ ಒಂದೇ ಮಾಡಿಸಿಕೊಳ್ಳಿ, ಖಾತೆ ನಿಮ್ಮ ಹೆಸರಲ್ಲೇ ಇರಲಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ರಿಪೋರ್ಟು ಒಂದು ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ನೇತುಹಾಕಿ. ನಡುರಾತ್ರಿ ಹುಡುಕೋ ಹಾಗಾಗಬಾರದು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಈಗಲೇ ಡಾಕ್ಟರ್‌ಗೆ ತೋರಿಸಿ. ನನಗೆ ಎರಡನೇ ಸಲ 8.6 ಇತ್ತು, ತಾಲ್ಲೂಕು ಆಸ್ಪತ್ರೆಯಲ್ಲೇ ಸಲೈನ್ ಜೊತೆ ಐರನ್ ಸುಕ್ರೋಸ್ ಹಾಕಿ ಏರಿಸಿದರು, ಬಿಟ್ಟಿಯಾಗಿ.

ಬಳ್ಳಾರಿಯ ಸುದ್ದಿ ಓದಿ ಭಯ ಅಂತಲೂ ಬರೆದಿದ್ದೀರಿ. 2024ರ ಕೊನೆಯಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡರು, ಸಲೈನ್ ಮೇಲೆ ಅನುಮಾನ ಬಂದು ಅದನ್ನು ನಿಲ್ಲಿಸಿದರು. ಓದಿದಾಗ ನಾನೂ ಆ ರಾತ್ರಿ ನಿದ್ದೆ ಮಾಡಲಿಲ್ಲ, ನನ್ನ ಕೈಗೆ ಹಾಕಿದ್ದೂ ಸಲೈನೇ ಅಲ್ವಾ. ಭಯ ಪಡಬೇಡಿ ಅಂತ ಹೇಳೋ ಧೈರ್ಯ ನನಗಿಲ್ಲ.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರನ್ನು ಡಾಕ್ಟರೇ ನೋಡುತ್ತಾರೆ. ತವರಿಗೆ ಬಂದ ಮೇಲೆ ಮೊದಲು ಬರುವ 9ಕ್ಕೆ ಜೊತೆಗಿರುವವರನ್ನೂ ಕರೆದುಕೊಂಡು ಹೋಗಿ. ಲೇಬರ್ ರೂಮು ಎಲ್ಲಿದೆ ನೋಡಿ. ಅಲ್ಲಿನ ಸಿಸ್ಟರ್‌ಗೆ ಎರಡೇ ಪ್ರಶ್ನೆ ಕೇಳಿ. ರಾತ್ರಿ ಆಪರೇಷನ್ ಆಗುತ್ತಾ? ಆಗದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ಅವರು ಹೇಳಿದ್ದನ್ನು ಇಲ್ಲೇ ಕೆಳಗೆ ಬರೆಯಿರಿ. ಆ ಊರಿನಲ್ಲಿ ರಾತ್ರಿ ಉಳಿಯೋಕೆ ನಮ್ಮವರು ಯಾರಾದರೂ ಇದ್ದಾರಾ ನೋಡುತ್ತೇನೆ.