ರಿವಾಲ್ವರ್ ಅದೇ, ಎರಕದ ಸೀಸದ ಗುಂಡೂ ಅದೇ. ತೋಟಾಕ್ಕೆ ತುಂಬುವ ಮದ್ದು ಬದಲಾದರೆ ಹೊಡೆತ ಯಾಕೆ ಬದಲಾಗುತ್ತದೆ?

ಎಲ್ಲ ಮದ್ದೂ ಒಂದೇ ವೇಗದಲ್ಲಿ ಉರಿಯುವುದಿಲ್ಲ, ಅದಕ್ಕೆ. ತೂಕ ಒಂದೇ ಇದ್ದರೂ ಒತ್ತಡ ಎಷ್ಟು ಏರುತ್ತದೆ, ಯಾವಾಗ ಏರುತ್ತದೆ ಅನ್ನೋದು ಬೇರೆ ಬೇರೆ. ನಮ್ಮ ವಿಜಯಪುರದ ಕಡೆ ಒಲೆ ಹಚ್ಚಿದವರಿಗೆ ಇದು ಹೊಸದಲ್ಲ: ಕಣಕಿ ಭಗ್ ಅಂತ ಹೊತ್ತಿ ಮುಗಿಯುತ್ತದೆ, ಜಾಲಿ ಕೊರಡು ನಿಧಾನ.

ರಿವಾಲ್ವರ್ ನಳಿಗೆ ಗಿಡ್ಡ. ನಿಧಾನದ ಮದ್ದು ಹಗುರವಾಗಿ ತುಂಬಿದರೆ ಗುಂಡು ಹೊರಬಿದ್ದರೂ ಉರಿ ಮುಗಿದಿರುವುದಿಲ್ಲ. ನಳಿಗೆಯಲ್ಲಿ ಅರೆಸುಟ್ಟ ಕಾಳು ಉಳಿಯುತ್ತವೆ. ಹಾಗಾಗಿ ಹಗುರ ಹೊಡೆತಕ್ಕೆ ಬೇಗ ಉರಿಯುವ ಮದ್ದನ್ನೇ ಆರಿಸುತ್ತಾರೆ. ಅದು ಸ್ವಲ್ಪವೇ ಸಾಕು.

ತೊಂದರೆಯೂ ಅಲ್ಲೇ. .38 ಸ್ಪೆಷಲ್ ಅನ್ನೋ ರಿವಾಲ್ವರ್ ತೋಟಾ 1890ರ ದಶಕದ್ದು, ಹೆಚ್ಚು ಜಾಗ ಬೇಡುವ ಕರಿಮದ್ದಿನ ಕಾಲದ ಅಳತೆ. ಈಗಿನ ಹೊಗೆರಹಿತ ಮದ್ದು ಚಿಟಿಕೆಯಷ್ಟು ಹಾಕಿದರೆ ಒಳಗೆ ಬಹುಪಾಲು ಖಾಲಿ. ನಳಿಗೆ ಮೇಲೆತ್ತಿ ಗುರಿ ಹಿಡಿದರೆ ಮದ್ದು ಹಿಂದೆ ಸರಿದು ಕಿಡಿ ಹತ್ತುವ ಜಾಗದಲ್ಲಿರುತ್ತದೆ. ತಗ್ಗಿಸಿ ಹಿಡಿದರೆ ಮುಂದೆ, ಗುಂಡಿನ ಬುಡಕ್ಕೆ. ಅಷ್ಟಕ್ಕೇ ಗುಂಡಿನ ವೇಗ ಬದಲಾಗುತ್ತದೆ! ಜಾಗ ಇಷ್ಟಿದ್ದರೆ ಮರೆತು ಎರಡು ಸಲ ಮದ್ದು ಬಿದ್ದರೂ ಗೊತ್ತಾಗಲ್ಲ, ಆಗ ರಿವಾಲ್ವರೇ ಸಿಡಿಯಬಹುದು.

ನಳಿಗೆಗೆ ಸೀಸ ಮೆತ್ತಿಕೊಂಡರೆ ಸುಮ್ನೆ ಮದ್ದನ್ನು ಬೈಯುವುದು ಜಾಸ್ತಿ. ಬಹಳ ಸಲ ಗುಂಡೇ ನಳಿಗೆಗಿಂತ ಸಣ್ಣದಿರುತ್ತದೆ; ಸಂದಿಯಲ್ಲಿ ನುಗ್ಗಿದ ಬಿಸಿ ಗಾಳಿ ಸೀಸವನ್ನು ಕೊರೆಯುತ್ತದೆ.

ಅಂದಹಾಗೆ, ಮನೆಯಲ್ಲಿ ತೋಟಾ ತುಂಬುವುದು ಅಮೆರಿಕದಂಥ ಕಡೆಯ ಹವ್ಯಾಸ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ತೋಟಾ ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು, ರಿವಾಲ್ವರ್ ಇಟ್ಟುಕೊಳ್ಳುವ ಲೈಸೆನ್ಸ್ ಸಾಲದು.