ರಂಗಪ್ರವೇಶಕ್ಕೆ ಚಿನ್ನ ಅಡವಿಡಬೇಕೇ?
ತಾನು ಕಲಿಯಲಾಗದ ಭರತನಾಟ್ಯವನ್ನು ಮಗಳಾದರೂ ಕಲಿತಳಲ್ಲ ಎಂದು ನಿಮ್ಮ ಹೆಂಡತಿ ಅವಳ ರಂಗಪ್ರವೇಶಕ್ಕೆ, ಅಂದರೆ ಮೊದಲ ಪೂರ್ಣ ಏಕವ್ಯಕ್ತಿ ಪ್ರದರ್ಶನಕ್ಕೆ, ಚಿನ್ನ ಅಡವಿಡಲು ಹೊರಟಿದ್ದಾರೆ ಅಂದಿರಿ. ಸರ್, ಮೊದಲು ಖರ್ಚನ್ನು ಬಿಡಿಸಿ ನೋಡಿ. ನಟುವಾಂಗ (ತಾಳ ಹಾಕಿ ನೃತ್ಯ ನಡೆಸುವುದು), ಹಾಡುಗಾರಿಕೆ, ಮೃದಂಗ, ಕೊಳಲು, ಪಿಟೀಲಿನವರ ಸಂಭಾವನೆ, ಅವರೊಂದಿಗಿನ ರಿಹರ್ಸಲ್, ಇದು ನೃತ್ಯದ ಖರ್ಚು. ಮೂರನೇ ಜೊತೆ ಕಾಸ್ಟ್ಯೂಮ್, ಹೊಳೆಯುವ ಆಹ್ವಾನಪತ್ರಿಕೆ, 400 ಜನರ ಊಟ, ರಿಟರ್ನ್ ಗಿಫ್ಟು, ಇದೆಲ್ಲ ಮದುವೆಯ ಖರ್ಚು. ಗಂಡಿನ ಕಡೆಯವರಿಲ್ಲ, ಅಷ್ಟೇ!

ನೃತ್ಯದ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಲು ರಂಗಪ್ರವೇಶ ಆಗಿರಬೇಕೆಂದೇನಿಲ್ಲ, ಹಾಗಾಗಿ ಆತುರ ಬೇಡ. ಮೊದಲ ನೃತ್ಯ ಅಲಾರಿಪುವಿನಿಂದ ಕೊನೆಯ ತಿಲ್ಲಾನದವರೆಗೆ ಕುಣಿಯಬೇಕಾದವಳು ಮಗಳು. ನಡುವೆ ಬರುವ ದೊಡ್ಡ ನೃತ್ಯ, ವರ್ಣವೊಂದೇ ಎಷ್ಟೋ ಸಲ ಅರ್ಧ ಗಂಟೆ ದಾಟುತ್ತೆ. ಅವಳನ್ನೊಮ್ಮೆ ಕೇಳಿದಿರಾ?

ಚಿನ್ನ ಮಾತ್ರ ಮುಟ್ಟಬೇಡಿ. ಬೇಕಿದ್ದರೆ ನಿಮ್ಮ ಹೆಂಡತಿಯೇ ಕ್ಲಾಸಿಗೆ ಸೇರಲಿ. 40 ದಾಟಿದವರಿಗೂ ಹೇಳಿಕೊಡುವ ಗುರುಗಳು ಬೆಂಗಳೂರಿನಲ್ಲಿದ್ದಾರೆ.