ಮೀನಿಗೆ ಹೊಡೆಯದ ಕರೆಂಟು ನನಗೇಕೆ?

ಪ್ರಶ್ನೆ: ನಮ್ಮ ಅರವತ್ತು ಲೀಟರಿನ ಮೀನಿನ ತೊಟ್ಟಿಗೆ ಕೈ ಹಾಕಿದರೆ ಬೆರಳು ಜುಮ್ಮೆನ್ನುತ್ತದೆ. ಮೀನುಗಳು ಮಾತ್ರ ಆರಾಮವಾಗಿವೆ. ಹಳೆಯ ಗಾಜಿನ ಹೀಟರ್ ತೆಗೆದು 300 ವಾಟ್‌ನ ಸ್ಟೀಲ್ ಹೀಟರ್ ಹಾಕಬೇಕೆಂದಿದ್ದೇನೆ. ಸರಿಯೇ?

ಉತ್ತರ: ಮೊದಲು ಪ್ಲಗ್ ಕಿತ್ತು ಬನ್ನಿ, ಆಮೇಲೆ ಓದಿ. ಹೀಟರಿನದಷ್ಟೇ ಅಲ್ಲ, ಪಂಪು, ದೀಪ ಎಲ್ಲದರದೂ. ಕಳ್ಳ ಯಾರೆಂದು ಇನ್ನೂ ಗೊತ್ತಾಗಿಲ್ಲ.

ಮೀನು ಪೂರ್ತಿ ನೀರಿನೊಳಗಿದೆ. ಅದರ ಸುತ್ತಲೂ ಹೆಚ್ಚುಕಡಿಮೆ ಒಂದೇ ವೋಲ್ಟೇಜು. ತಂತಿಯ ಮೇಲೆ ಕುಳಿತ ಕಾಗೆಯ ಹಾಗೆ. ನೀವಾದರೋ ಕೈಯನ್ನು ನೀರಿಗಿಟ್ಟು, ಕಾಲನ್ನು ನೆಲಕ್ಕೂರಿ, ಕರೆಂಟಿಗೆ ದಾರಿ ಮಾಡಿಕೊಡುತ್ತೀರಿ. ಮೀನು ಚೆನ್ನಾಗಿದೆ ಎಂಬ ಸಾಕ್ಷಿಯನ್ನು ನಂಬಬೇಡಿ.

ನನ್ನ ಮೇಜಿನ ಖಾನೆಯಲ್ಲಿ ಒಂದು ಸತ್ತ ಹೀಟರ್ ಇದೆ. ನೀರು ಬದಲಿಸುವಾಗ ಅದನ್ನು ಆರಿಸಲು ಮರೆತಿದ್ದೆ. ಅರ್ಧ ನೀರು ತೆಗೆದ ಮೇಲೆ ಗಾಜಿನ ಕೊಳವೆ ಬರಿಗಾಳಿಯಲ್ಲಿ ಕಾದಿತ್ತು. ತಣ್ಣೀರು ಸುರಿದೆ, 'ಟಿಕ್' ಎಂದಿತು, ಅಷ್ಟೇ. ಬಿರುಕು ಕೂದಲೆಳೆಯಷ್ಟು. ಒಳಗೆ ಎರಡು ಹನಿ ನೀರು. ಕೆಂಪು ದೀಪ ಮಾತ್ರ ಏನೂ ಆಗದಂತೆ ಉರಿಯುತ್ತಲೇ ಇತ್ತು! ಅಂದಿನಿಂದ ಪ್ಲಗ್ ಕಿತ್ತು ಇಪ್ಪತ್ತು ನಿಮಿಷ ಕಾದ ಮೇಲೆಯೇ ನೀರಿಗೆ ಕೈ ಹಾಕುತ್ತೇನೆ.

300 ವಾಟ್ ಬೇಡ. ಲೀಟರಿಗೆ ಸುಮಾರು ಒಂದು ವಾಟ್ ಎಂಬುದು ರೂಢಿಯ ಲೆಕ್ಕ. ನಿಮಗೆ 75 ಸಾಕು. ನೀರು ಕಾದೊಡನೆ ಹೀಟರನ್ನು ಆರಿಸುವ ಥರ್ಮೋಸ್ಟಾಟ್‌ನ ಸಂಪರ್ಕ ಬಿಂದುಗಳು ಒಮ್ಮೊಮ್ಮೆ ಅಂಟಿಕೊಂಡು ಹೀಟರ್ ಆರುವುದೇ ಇಲ್ಲ. ಆಗ ಚಿಕ್ಕ ಹೀಟರಾದರೆ ನೀರು ನಿಧಾನವಾಗಿ ಕಾಯುತ್ತದೆ, ನಿಮಗೆ ಗೊತ್ತಾಗುವಷ್ಟು ಸಮಯ ಸಿಗುತ್ತದೆ. 300 ವಾಟ್‌ನದಾದರೆ ಬೆಳಗಾಗುವುದರೊಳಗೆ ಮೀನಿನ ಸಾರು.

ಸ್ಟೀಲ್ ಒಡೆಯುವುದಿಲ್ಲ, ನಿಜ. ಆದರೆ ಒಳಗೆ ಕರೆಂಟನ್ನು ತಡೆಯುವ ಹೊದಿಕೆ ಕೆಟ್ಟರೆ ಲೋಹದ ಮೈಗೇ ಕರೆಂಟು ಬರಬಹುದು. ಅದಕ್ಕೆ ಅರ್ಥಿಂಗ್ ಇರುವ ಪ್ಲಗ್ ಬೇಕು, ಗೋಡೆಯ ಸಾಕೆಟ್ಟಿನಲ್ಲಿಯೂ ಅರ್ಥಿಂಗ್ ನಿಜವಾಗಿ ಇರಬೇಕು. ಯಾವುದನ್ನೇ ಕೊಂಡರೂ ಪೂರ್ತಿ ಮುಳುಗಿಸಬಹುದೆಂಬ ಐಪಿಎಕ್ಸ್8 ಅಥವಾ ಐಪಿ68 ಗುರುತು, ಕನಿಷ್ಠ ನೀರಿನ ಮಟ್ಟದ ಗೆರೆ, ಜೋಡಣೆಯಿಲ್ಲದೆ ಸಾಕೆಟ್ಟಿಗೆ ತಲುಪುವಷ್ಟು ವೈರು ಇವೆಯೇ ನೋಡಿ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಲಿ. ಅದರಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಆದರೆ ಹೀಟರಿಗಿಂತ ಮೊದಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್, ಹಾಕಿಸಿ. 'ಎಂಸಿಬಿ ಇದೆಯಲ್ಲ' ಎನ್ನಬೇಡಿ. ಅದು ವೈರಿನ ಕಾವಲುಗಾರ, ಮಿತಿಮೀರಿ ಕರೆಂಟು ಹರಿದರೆ ಮಾತ್ರ ಕಡಿಯುತ್ತದೆ. ಮನುಷ್ಯನನ್ನು ಕೊಲ್ಲುವಷ್ಟು ಕರೆಂಟು ಅದರ ಕಣ್ಣಿಗೇ ಬೀಳುವುದಿಲ್ಲ. ಹೋದ ಕರೆಂಟು ಪೂರ್ತಿ ಹಿಂದಿರುಗಿತೇ ಎಂದು ಲೆಕ್ಕವಿಡುವುದು ಆರ್‌ಸಿಸಿಬಿ. ಆದರೂ ಗಾಜಿನ ತೊಟ್ಟಿಯಲ್ಲಿ ಸೋರಿಕೆಗೆ ಬೇರೆ ದಾರಿಯಿಲ್ಲದಿದ್ದರೆ ನೀವು ಮುಟ್ಟಿದ ಮೇಲೆಯೇ ಅದು ಕರೆಂಟು ಕಡಿಯುತ್ತದೆ. ಒಂದು ಪೆಟ್ಟು ತಿಂದೇ ತೀರುತ್ತೀರಿ, ಅದು ಕ್ಷಣದೊಳಗೆ ಮುಗಿಯುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಸೋರುತ್ತಿರುವುದು ಯಾವುದೆಂದು ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಒಂದೊಂದಾಗಿ ನೋಡಲಿ. ನಿಮ್ಮ ಬೆರಳು ಮೀಟರ್ ಅಲ್ಲ. ಹಳೆಯ ಹೀಟರ್ ಎಸೆಯುವಾಗ ವೈರನ್ನು ಬುಡಕ್ಕೇ ಕತ್ತರಿಸಿ, ಇನ್ನಾರೋ ಎತ್ತಿಕೊಂಡು ಹೋಗಿ ಹಾಕಿಕೊಂಡಾರು. ನನ್ನ ಖಾನೆಯಲ್ಲಿರುವುದಕ್ಕೂ ವೈರಿಲ್ಲ.